ಜಂಬಮ್ಮ ಹೊಲಿದ ಸಂಚಿ

ಸಂಚಿ ಹೊಲಿದವಳು ಜಂಬಮ್ಮನೇ. ಮದುವೆಯಾದ ವರ್ಷ ಹಳೇ ಪಂಚೆಯ ಒಳಪದರು ಹಾಕಿ, ಮೇಲೆ ಕೆಂಪು ಖಣದ ಚೂರು ಹಚ್ಚಿ, ಮೂರು ಕಿಸೆ ಮಾಡಿದಳು. ಒಂದಕ್ಕೆ ಎಲೆ, ಒಂದಕ್ಕೆ ಅಡಿಕೆ ಮತ್ತು ಸುಣ್ಣದ ಡಬ್ಬಿ, ಮೂರನೆಯದಕ್ಕೆ ತಂಬಾಕು. ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಅವಳ ಗಂಡ ಓಬಳೇಶ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ. ಶೇಂಗಾ ಚೀಲ, ಮೆಕ್ಕೆಜೋಳದ ಚೀಲ ಬೆನ್ನಿಗೆ ಹಾಕಿಕೊಂಡು ಲಾರಿ ತುಂಬುವ ಕೆಲಸ. ಹಮಾಲರು ಬೀಡಿ ಸೇದುವ ಹಾಗಿಲ್ಲ. ಎರಡೂ ಕೈ ಚೀಲಕ್ಕೆ ಬೇಕು, ಮೇಲಾಗಿ ಗೋಣಿಗೆ ಕಿಡಿ ಬಿದ್ದರೆ ಮಾಲೆಲ್ಲ ಹೋಗುತ್ತದೆ. ಅದಕ್ಕೇ ದವಡೆಗೆ ಒಂದು ಉಂಡೆ ತಂಬಾಕು ಒತ್ತಿಕೊಳ್ಳುತ್ತಾರೆ. ಹಸಿವೂ ಗೊತ್ತಾಗುವುದಿಲ್ಲ, ಬೆನ್ನೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಬುತ್ತಿ ಕಟ್ಟುವಾಗಲೇ ಸಂಚಿ ತುಂಬುವುದು ಜಂಬಮ್ಮನ ಕೆಲಸ. ಇಪ್ಪತ್ತಾರು ವರ್ಷ ತುಂಬಿದಳು. ಬುತ್ತಿಯಲ್ಲಿ ಒಂದು ರೊಟ್ಟಿ ಕಡಿಮೆ ಬಿದ್ದದ್ದುಂಟು, ಸಂಚಿ ಖಾಲಿ ಹೋದದ್ದಿಲ್ಲ. "ಓಬಳೇಶನ ಹೆಂಡ್ತಿ ತುಂಬಿದ ಸಂಚಿ ನೋಡ್ರಲೇ, ಸುಣ್ಣ ಒಂದಿನಾನೂ ಒಣಗಿರಲ್ಲ" ಎಂದು ಹಮಾಲರ ಮೇಸ್ತ್ರಿ ಹುಲುಗಪ್ಪ ಅಂದನಂತೆ. ಗಂಡ ಬಂದು ಅದನ್ನು ಹೇಳಿದ ಮರುದಿನ ಅವಳು ಒಂದು ಚಿಟಿಕೆ ಹೆಚ್ಚಿಗೇ ಹಾಕಿದ್ದಳು. ತುಂಬುವಾಗ ತನ್ನ ದವಡೆಗೂ ಒಂದು ಚಿಟಿಕೆ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಯಾರಿಗೂ ತೋರಿಸಿಕೊಂಡವಳಲ್ಲ. ಗಂಡನಿಗೆ ಗೊತ್ತಿತ್ತೋ ಏನೋ, ಕೇಳಲಿಲ್ಲ.

ಮೊದಲು ಗೊತ್ತಾದದ್ದು ಮಿರ್ಚಿಯಿಂದ. ಮಾರುಕಟ್ಟೆ ಮುಗಿಸಿ ಬರುವಾಗ ಓಬಳೇಶ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುವವನು. ಒಂದು ದಿನ ಮಿರ್ಚಿಯ ಒಳಗಿನ ಮೆಣಸಿನಕಾಯಿ ಕಿತ್ತು ಪಕ್ಕಕ್ಕಿಟ್ಟ. ಆಮೇಲೆ ಹಿಟ್ಟನ್ನೂ ಬೆರಳಿನಿಂದ ಚೂರು ಮಾಡಿ ಬಾಯೊಳಗೆ ತುರುಕಿದ.

"ಯಾಕ, ಹೊಸಾ ಸೊಸಿಯಂಗ ಬಾಯಿ ಮುಚ್ಕೊಂಡು ತಿಂತೀ?" ಎಂದು ಜಂಬಮ್ಮ ನಕ್ಕಳು.

"ಬಾಯಾಗ ಹುಣ್ಣು. ತೆರಿಯಾಕ ಬರವಲ್ದು."

ಆ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಅದರ ಪಕ್ಕದ ಹಲ್ಲೂ ಅಲ್ಲಾಡತೊಡಗಿತು. ಹಲ್ಲು ಕೀಳಿಸಿಕೊಂಡು ಬರೋಣವೆಂದು ಗಂಡ ಹೆಂಡತಿ ಕೊಟ್ಟೂರಿನ ಹಲ್ಲಿನ ಡಾಕ್ಟರ್ ಶೈಲಾ ಹತ್ತಿರ ಹೋದರು. ಸಣ್ಣ ವಯಸ್ಸಿನ ಹುಡುಗಿ, ಮಾತು ಗಟ್ಟಿ. ಬ್ಯಾಟರಿ ಹಾಕಿ ಕೆನ್ನೆಯ ಒಳಗೆ ಬಹಳ ಹೊತ್ತು ನೋಡಿದಳು. ಬೆರಳು ಹಾಕಿ ಒತ್ತಿದಳು.

"ಹಲ್ಲು ನಾನು ಮುಟ್ಟೋದಿಲ್ರಿ. ಹುಣ್ಣಿನ ಅಂಚು ಗಟ್ಟಿ ಆಗೈತಿ. ಇದೇ ವಾರ ದಾವಣಗೆರೆ ದೊಡ್ಡ ಆಸ್ಪತ್ರಿಗೆ ಹೋಗ್ರಿ. ಅಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರ. ಮುಂದಿನ ವಾರ ಅಲ್ಲ, ಇದೇ ವಾರ."

ಚೀಟಿ ಬರೆದು ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಚೀಟಿ ದೇವರ ಪಟದ ಹಿಂದೆ ಏಳು ತಿಂಗಳು ಕೂತಿತು. ಶೇಂಗಾ ಮಾರುಕಟ್ಟೆಗೆ ಬರುವ ಕಾಲ, ಈಗ ಕೆಲಸ ಬಿಟ್ಟರೆ ಗ್ಯಾಂಗಿನಲ್ಲಿ ಜಾಗ ಹೋಗುತ್ತದೆ ಎಂದ ಓಬಳೇಶ. ಆಮೇಲೆ ಜಂಬಮ್ಮನೇ ಉಚ್ಚಂಗೆಮ್ಮನಿಗೆ ಐದು ಹುಣ್ಣಿಮೆ ಹರಕೆ ಹೊತ್ತಳು. ಐದು ಸಲ ಗಂಡನನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಐದನೇ ಹುಣ್ಣಿಮೆಗೆ ಅವನು ಅರ್ಧಕ್ಕೇ ಕೂತುಬಿಟ್ಟ. ದವಡೆಯ ಕೆಳಗೆ, ಕುತ್ತಿಗೆಯಲ್ಲಿ, ಬೆಟ್ಟದ ನೆಲ್ಲಿಕಾಯಿಯಷ್ಟು ಗಂಟು ಕಾಣುತ್ತಿತ್ತು.

ಆಗ ಹೋದರು ದಾವಣಗೆರೆಗೆ. ಚೂರು ತೆಗೆದರು, ಪರೀಕ್ಷೆ ಮಾಡಿದರು, ಕ್ಯಾನ್ಸರ್ ಅಂದರು. ಡಾಕ್ಟರ್ ಹೇಳಿದ್ದು ಜಂಬಮ್ಮನಿಗೆ ಅರ್ಥವಾಗಲಿಲ್ಲ. ಅಲ್ಲಿದ್ದ ನರ್ಸಮ್ಮ ಹಡಗಲಿ ಕಡೆಯಾಕೆ. ಇಬ್ಬರನ್ನೂ ಬೆಂಚಿನ ಮೇಲೆ ಕೂಡಿಸಿಕೊಂಡು ಹೊಲದ ಮಾತಿನಲ್ಲಿ ಹೇಳಿದಳು.

"ಇದು ಹೊರಗಿಂದ ಬಂದ ಹುಳ ಅಲ್ಲವ್ವಾ. ಮೈಯಾಗಿಂದ ಮೈಯಾಗ ಹುಟ್ಟಿದ್ದು. ಒಂದೊಂದು ವರ್ಷ ಶೇಂಗಾ ಬರೀ ಬಳ್ಳಿ ಹಬ್ತೈತಿ, ಕಾಯಿ ಕಟ್ಟಲ್ಲ, ನೋಡೀಯಿಲ್ಲೋ? ಬೀಜ ನಿಂದ, ಹೊಲ ನಿಂದ. ಆದ್ರ ಎಲ್ಲಿ ನಿಲ್ಲಬೇಕು ಅನ್ನೋದು ಅದಕ್ಕ ಮರ್ತು ಹೋಗಿರ್ತೈತಿ. ಹಂಗ ಇದು."

"ಗಡ್ಡಿ ಅಂದ್ರ ಎಲ್ಲಾ ಹಿಂಗನಾ?"

"ಅಲ್ಲ. ಕೆಲವು ಗಡ್ಡಿ ಎಷ್ಟು ಬೆಳೆದ್ರೂ ಬದು ದಾಟಲ್ಲ. ಕೊಯ್ದು ತೆಗೆದ್ರ ಮುಗೀತು. ಇದು ಬದು ದಾಟೋ ಜಾತಿ. ಬಾಯಿಂದ ಕುತ್ತಿಗಿಗೆ ಇಳಿದೈತಿ. ಬದುವಿನ ಒಳಗ ಇದ್ದಾಗ ಬಂದಿದ್ರ ಮಾತು ಬ್ಯಾರೆ ಇತ್ತು. ಈಗ ಕೊಯ್ಯೋ ಹಂತ ದಾಟೈತಿ, ನೋವಿಗೆ ಔಷಧ ಕೊಡ್ತಾರ."

"ಅಂಟುತೈತೇನ್ರಿ?"

"ಇಲ್ಲ. ಒಂದೇ ತಾಟಿನಾಗ ಉಣ್ರಿ."

"ಅಮ್ಮನ ಸಿಟ್ಟು ಅಂತಾರ, ಐದು ಹುಣ್ಣಿವಿಗೆ ಗುಡ್ಡ ಹತ್ತಿ ಬಂದೀವ್ರಿ..."

ನರ್ಸಮ್ಮ ಅವಳ ಮುಖ ನೋಡಿದಳು. "ಅಮ್ಮ ಯಾಕ ಸಿಟ್ಟಾಗ್ತಾಳ? ಐದು ಸಲ ಗುಡ್ಡ ಹತ್ತೀರಿ, ಒಂದು ಸಲ ಬಸ್ ಹತ್ತಿಲ್ಲ. ತಂಬಾಕಿಂದ ಬಂದೈತಿ ಇದು. ಅಡಿಕಿ ಸುಣ್ಣ ಅದರ ಸಂಗಾತಿಗಳು. ಮ್ಯಾಲೆ ಸರಾಯಿ ಇದ್ರ ಇನ್ನೂ ಲಗೂನ ಬರ್ತೈತಿ."

"ನಮ್ಮತ್ತಿ ಎಂಬತ್ತು ವರ್ಷದ ತನಕ ತಂಬಾಕು ತಿಂದ್ಲು. ಕಡಲಿ ಕಡಿತಿದ್ಲು."

"ನಿನ್ನ ತವರು ಯಾವೂರು?"

"ಕಾನಹೊಸಹಳ್ಳಿ."

"ಅಲ್ಲಿ ಹೈವೇ ಐತಲ್ಲ. ಕಣ್ಣು ಮುಚ್ಕೊಂಡು ದಾಟಿದೋರೆಲ್ಲ ಸಾಯಲ್ಲ. ಹಂಗಂತ ಮಕ್ಕಳಿಗೆ ಕಣ್ಣು ಮುಚ್ಕೊಂಡು ದಾಟು ಅಂತೀಯೇನು? ದಿನಕ್ಕ ಹತ್ತು ಸಲ, ಇಪ್ಪತ್ತಾರು ವರ್ಷ ದಾಟ್ಯಾನ ಇವನು. ಮನ್ಯಾಗ ಇನ್ಯಾರು ಹಾಕ್ತಾರ?"

"ನನ್ನ ತಮ್ಮ ಗಾದಿಲಿಂಗ" ಎಂದ ಓಬಳೇಶ.

ಜಂಬಮ್ಮ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು.

"ಅವನಿಗೆ ಹೇಳ್ರಿ. ಮೂರು ವಾರದಾಗ ಮಾಯದ ಹುಣ್ಣು ಇದ್ರ, ಬಿಳಿ ಕಲೆ, ಕೆಂಪು ಕಲೆ ಇದ್ರ ತೋರಿಸಬೇಕು. ಬಾಯಾಗ ಮೂರು ಬೆರಳು ಉದ್ದಕ್ಕ ನಿಲ್ಲಬೇಕು. ನಿಲ್ಲದಿದ್ರೂ ತೋರಿಸಬೇಕು."

ಬಸ್ಸಿನಲ್ಲಿ ಬರುವಾಗ ಓಬಳೇಶನೂ ಅದನ್ನೇ ಅಂದ. "ಗಾದಿಲಿಂಗಗ ಹೇಳು. ನನ್ನ ಬಾಯಿಂದ ಹೇಳಾಕ ಆಗಲ್ಲ."

"ಆತು, ಹೇಳ್ತೀನಿ."

ಊರಿನ ಕಟ್ಟೆ ಹತ್ತಿರ ಇಳಿದಾಗ ನಾಲ್ಕು ಹೆಂಗಸರು ಕೂತಿದ್ದರು. ಗಾದಿಲಿಂಗನ ಹೆಂಡತಿ ದುರ್ಗಾನೂ ಇದ್ದಳು. "ಏನಂದ್ರು ಅಕ್ಕ?" ಎಂದಳು.

ಜಂಬಮ್ಮನ ಸಣ್ಣವ್ವನಿಗೆ ಹಿಂದೆ ಎದೆಯಲ್ಲಿ ಗಡ್ಡೆಯಾಗಿತ್ತು. ಕೆಟ್ಟ ಹುಣ್ಣು ಅಂತ ಊರೆಲ್ಲ ಹೆಸರಾಗಿ, ಆ ಮನೆಯ ಕೊಡದ ನೀರನ್ನು ಯಾರೂ ಮುಟ್ಟದೆ ಹೋದರು. ಅದು ಕಣ್ಣ ಮುಂದೆ ಬಂತು. ಇನ್ನೊಂದೂ ಬಂತು. ತಂಬಾಕಿನಿಂದ ಅಂದರೆ, ತುಂಬಿ ಕೊಟ್ಟವಳು ಯಾರು ಅಂತ ಕೇಳುತ್ತಾರೆ. ಎರಡನೆಯದೇ ದೊಡ್ಡದಾಗಿತ್ತು ಎಂಬುದು ಅವಳಿಗೆ ಮಾತ್ರ ಗೊತ್ತು.

"ಹುಳುಕು ಹಲ್ಲು ಕೀಳಿಸಿದ್ದಕ್ಕ ನಂಜಾಗೈತಂತ" ಎಂದಳು.

ಓಬಳೇಶ ಅವಳ ಕಡೆ ನೋಡಿದ. ಮನೆಗೆ ನಡೆದ. ತಿಂಗಳೊಪ್ಪತ್ತಿನಲ್ಲಿ ಅವನ ಮಾತು ಪೂರ್ತಿ ನಿಂತಿತು. ಆಮೇಲೆ ಗಾದಿಲಿಂಗ ಬಂದು ಕೂತಾಗಲೆಲ್ಲ ಅಣ್ಣ ಅವನ ಬಾಯಿಯ ಕಡೆ ಬೆರಳು ಮಾಡುವನು, ಆಮೇಲೆ ಜಂಬಮ್ಮನ ಕಡೆ. "ನೀರು ಬೇಕಂತ" ಎಂದು ಅವಳು ಎದ್ದು ಹೋಗುವಳು.

ಸಂಕ್ರಾಂತಿ ಮುಗಿದ ಎರಡನೇ ವಾರ ಅವನನ್ನು ಮಣ್ಣು ಮಾಡಿದರು.

ಸುಳ್ಳಿಗೆ ಅವಳು ಕೊಟ್ಟದ್ದು ಒಂದು ಕಾಲು, ಊರು ಕೊಟ್ಟದ್ದು ನಾಲ್ಕು. ಕೊಟ್ಟೂರಿನ ಹಲ್ಲಿನ ಡಾಕ್ಟರಮ್ಮ ತುಕ್ಕು ಹಿಡಿದ ಇಕ್ಕಳದಲ್ಲಿ ಹಲ್ಲು ಕಿತ್ತಳಂತೆ. ಕಿತ್ತ ಮೇಲೆ ಗುಳಿಗೆಯನ್ನೂ ಕೊಡಲಿಲ್ಲವಂತೆ. ಸುತ್ತಲ ಊರಿನವರು ಆ ಕಡೆ ಹೋಗುವುದನ್ನು ಬಿಟ್ಟರು. ಮುಟ್ಟದ ಹಲ್ಲಿಗೆ ಒಂದು ಹೆಣ್ಣುಮಗಳ ಹೆಸರು ಕೆಟ್ಟಿತು. ಜಂಬಮ್ಮ ಕೊಟ್ಟೂರಿಗೆ ಹೋದರೆ ಆ ಬೀದಿ ಬಿಟ್ಟು ಬಳಸಿಕೊಂಡು ಹೋಗುವಳು.

ಮಣ್ಣು ಮಾಡಿದ ಐದನೇ ದಿನ ಗಾದಿಲಿಂಗ ಬಂದಿದ್ದ. ಅವನೂ ಅದೇ ಗ್ಯಾಂಗಿನ ಹಮಾಲಿ. ಗೂಟಕ್ಕೆ ನೇತು ಹಾಕಿದ್ದ ಸಂಚಿ ನೋಡಿ ಅತ್ತ.

"ಅತ್ತಿಗೆಮ್ಮ, ಅಣ್ಣಂದು ಬ್ಯಾರೆ ಏನೂ ಬ್ಯಾಡ. ಇದೊಂದು ನನಗ ಕೊಡು."

ಕೊಡುವುದಿಲ್ಲ ಅಂದರೆ ಯಾಕೆಂದು ಹೇಳಬೇಕು. ಜಂಬಮ್ಮ ಸಂಚಿ ತೊಳೆದು ಒಣಗಿಸಿ, ಸಡಿಲಾದ ದಾರ ಬದಲಿಸಿ, ಅವನ ಕೈಗೆ ಕೊಟ್ಟಳು.

ಅಲ್ಲಿಂದ ಅವನು ತಂಬಾಕು ಹೆಚ್ಚು ಮಾಡಿದ. ಮೊದಲು ದಿನಕ್ಕೆ ನಾಲ್ಕು ಸಲ ಹಾಕುವವನು ಎಂಟು ಸಲ ಹಾಕತೊಡಗಿದ. "ಹಲ್ಲು ಹುಳುಕಾಗಬಾರ್ದಲ್ಲ ಅತ್ತಿಗೆಮ್ಮ. ತಂಬಾಕು ಇದ್ರ ಹುಳ ಬರಲ್ಲ. ಅಣ್ಣನಂಗ ಆ ಡಾಕ್ಟರ್ ಕೈಯಾಗ ಸಾಯೋದು ನನಗ ಬ್ಯಾಡ" ಎನ್ನುವನು. ಅವಳು ಹೇಳಿದ ಸುಳ್ಳು ಅವನ ದವಡೆಯಲ್ಲಿ ದಿನಾ ಎಂಟು ಸಲ ಕೂರುತ್ತಿತ್ತು. ಇವತ್ತು ಹೇಳಬೇಕು, ನಾಳೆ ಹೇಳಬೇಕು ಅಂದುಕೊಂಡೇ ಒಂಬತ್ತು ತಿಂಗಳು ಕಳೆದಳು.

ಹಿರೇರ ಹಬ್ಬ ಬಂತು. ಓಬಳೇಶನಿಗೆ ಮೊದಲನೇ ಎಡೆ. ಸತ್ತವನಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಬೇಕು. ಬಾಡು, ರೊಟ್ಟಿ, ಅನ್ನ, ಮಂಡಕ್ಕಿ, ಮಿರ್ಚಿ. ಹೊಸ ಪಂಚೆ, ಹೊಸ ಟವಲ್. ಮೇಸ್ತ್ರಿ ಹುಲುಗಪ್ಪನನ್ನೂ ಕರೆದಿದ್ದರು. ಗಾದಿಲಿಂಗ ಸಂಚಿ ಬಿಚ್ಚಿ ಎಲೆ, ಅಡಿಕೆ, ಒಂದು ಹಿಡಿ ತಂಬಾಕು ತೆಗೆದು ಅಣ್ಣನ ಫೋಟೋ ಮುಂದೆ ಇಟ್ಟ. "ಇದಿಲ್ಲ ಅಂದ್ರ ಅಣ್ಣ ಎಲಿ ಮುಂದ ಕುಂದ್ರಲ್ಲ" ಎಂದ. ಎಲ್ಲರೂ ನಕ್ಕರು, ಕಣ್ಣೊರೆಸಿಕೊಂಡರು. ಜಂಬಮ್ಮ ಕರ್ಪೂರ ಹಚ್ಚಿದಳು. ಕೊಂದದ್ದನ್ನೇ ತಂದು ಸತ್ತವನಿಗೆ ಎಡೆ ಇಟ್ಟಂತಾಯಿತು ಅನ್ನಿಸಿತು. ಆಗಲೂ ಬಾಯಿ ಬಿಡಲಿಲ್ಲ.

ಊಟಕ್ಕೆ ಕೂತರು. ಗಾದಿಲಿಂಗನ ಎಲೆಗೆ ಎರಡು ಮಿರ್ಚಿ ಬಡಿಸಿದಳು. ಅವನು ಒಂದನ್ನು ಎತ್ತಿ, ಒಳಗಿನ ಮೆಣಸಿನಕಾಯಿ ಕಿತ್ತು ಎಲೆಯ ತುದಿಗಿಟ್ಟ. ಹಿಟ್ಟನ್ನು ಬೆರಳಿನಿಂದ ಚೂರು ಮಾಡಿ ಬಾಯೊಳಗೆ ತುರುಕಿದ.

"ಖಾರ ಭಾಳ ಆಗೈತಿ ಅತ್ತಿಗೆಮ್ಮ."

ಖಾರ ಆಗಿರಲಿಲ್ಲ. ಅವಳ ಕೈಯ ಸೌಟು ಹಾಗೇ ನಿಂತಿತು.

ಹುಲುಗಪ್ಪ ರೇಗಿಸಿದ. "ಏನಲೇ ಗಾದಿ, ನೂರು ಕೇಜಿ ಚೀಲ ಎತ್ತೋನು ಒಂದು ಮಿರ್ಚಿ ಎತ್ತಾಕ ಆಗವಲ್ದೇನಲೇ? ನಮ್ಮಜ್ಜಿ ನಿನಗಿಂತ ವಾಸಿ, ಹಲ್ಲಿಲ್ಲದ ಬಾಯಾಗ ಅವರಿಕಾಳು ತಿಂತಿದ್ಲು."

"ಬಾಯಿ ಹಿಡ್ಕೊಂಡಂಗ ಆಗೈತೋ ಮಾವ. ಗಾಳಿ ಹೊಕ್ಕಿರಬೇಕು."

ಊಟವಾಯಿತು. ಎಡೆಯ ಮುಂದಿನ ಎಲೆ ಅಡಿಕೆಯನ್ನು ಮನೆಯ ಗಂಡಸರು ಹಾಕಿಕೊಳ್ಳಬೇಕು, ಸತ್ತವನ ಪ್ರಸಾದ ಅದು. ಗಾದಿಲಿಂಗ ಎದ್ದು ಹೋಗಿ ತೆಗೆದುಕೊಂಡ. ಎಲೆಗೆ ಸುಣ್ಣ ಸವರಿದ, ಅಡಿಕೆ ಇಟ್ಟ. ತಂಬಾಕನ್ನು ಅಂಗೈಯಲ್ಲಿ ತಿಕ್ಕಿದ. ಬಾಯಿ ತೆರೆದ. ಎರಡು ಬೆರಳಿನಷ್ಟು ಕೂಡ ತೆರೆಯಲಿಲ್ಲ.

ಜಂಬಮ್ಮ ಅವನ ಕೈಗೆ ಹೊಡೆದಳು. ತಂಬಾಕು ಎಡೆಯ ಅನ್ನದ ಮೇಲೆಲ್ಲ ಚೆಲ್ಲಿತು.

"ಅಯ್ಯಯ್ಯೋ, ಎಡಿ ಕೆಡಿಸಿದ್ಯಲ್ಲೇ ಅಕ್ಕ!" ಎಂದು ದುರ್ಗಾ ಕೂಗಿದಳು.

"ನಿಮ್ಮಣ್ಣಗ ಹಲ್ಲು ಕಿತ್ತಿರಲಿಲ್ಲ" ಎಂದಳು ಜಂಬಮ್ಮ. "ಆ ಹುಡುಗಿ ಹಲ್ಲು ಮುಟ್ಟಲಿಲ್ಲ. ಇದೇ ವಾರ ದಾವಣಗೆರೆಗೆ ಹೋಗ್ರಿ ಅಂದ್ಲು. ನಾವು ಏಳು ತಿಂಗಳು ಹೋಗಲಿಲ್ಲ. ಅವನಿಗೆ ಆಗಿದ್ದು ಕ್ಯಾನ್ಸರ್. ಇದರಿಂದ. ನಾನು ತುಂಬಿ ಕೊಟ್ಟಿದ್ದರಿಂದ."

ಕರ್ಪೂರ ಆರಿತ್ತು.

"ನಿನಗ ಹೇಳು ಅಂದಿದ್ದ. ಬಸ್ಸಿನಾಗ ಅಂದಿದ್ದ. ಬಾಯಿ ಹೋದ ಮ್ಯಾಲೂ ಬೆರಳು ಮಾಡಿ ತೋರಿಸ್ತಿದ್ದ. ನಾನು ನೀರು ಬೇಕಂತ ಅಂತಿದ್ದೆ."

ಹುಲುಗಪ್ಪ ಗೊಣಗಿದ. "ತಂಬಾಕಿಂದ ಏನಾಗ್ತೈತಿ ಬಿಡವ್ವ. ನಾನು ನಲವತ್ತು ವರ್ಷದಿಂದ..." ಮಾತು ಅರ್ಧಕ್ಕೆ ಬಿಟ್ಟು, ಹಿತ್ತಿಲಿಗೆ ಹೋಗಿ ಬಾಯಲ್ಲಿದ್ದುದನ್ನು ಉಗುಳಿ ಬಂದ.

ದುರ್ಗಾ ಜಂಬಮ್ಮನ ಎದುರಿಗೆ ಬಂದು ನಿಂತಳು. "ಒಂಬತ್ತು ತಿಂಗಳು. ದಿನಾ ನಮ್ಮನಿ ಕಟ್ಟಿ ಮ್ಯಾಲೆ ಕುಂತು ಚಾ ಕುಡಿದಿ. ನನ್ನ ಗಂಡ ನಿನ್ನ ಕಣ್ಣ ಮುಂದ ದಿನಾ ಹಾಕ್ಕೊಂತಿದ್ದ. ಸಂಚಿಗೆ ಹೊಸಾ ದಾರ ಬ್ಯಾರೆ ಹಾಕಿ ಕೊಟ್ಟಿ. ನಿನ್ನ ಮಾನ ಉಳಿದ್ರ ಸಾಕಾಗಿತ್ತು, ಅಲ್ಲ?"

"ಹೌದು" ಎಂದಳು ಜಂಬಮ್ಮ. ಬೇರೆ ಏನು ಅಂದರೂ ಸುಳ್ಳಾಗುತ್ತಿತ್ತು.

ಗಾದಿಲಿಂಗ ಎಲೆ ಅಡಿಕೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ದುರ್ಗಾನೂ ಹೋದಳು. ಚೆಲ್ಲಿದ ಎಡೆಯನ್ನು ಜಂಬಮ್ಮ ಒಬ್ಬಳೇ ಬಳಿದಳು. ಕಾಗೆಗೂ ಹಾಕಲಿಲ್ಲ, ತಂಬಾಕು ಬಿದ್ದ ಅನ್ನ. ಗುಂಡಿ ತೋಡಿ ಮುಚ್ಚಿದಳು.

ಮೂರು ದಿನ ಆ ಮನೆಯಿಂದ ಯಾರೂ ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಗಾದಿಲಿಂಗ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

"ಮೂರು ಬೆರಳು ಅಂದ್ರ ಹೆಂಗ, ಅಡ್ಡಕ್ಕೋ ಉದ್ದಕ್ಕೋ?"

ಮೂರು ಬೆರಳಿನ ಮಾತನ್ನು ಅವನಿಗೆ ಹೇಳಿದವರಾರು? ಅವಳಂತೂ ಹೇಳಿರಲಿಲ್ಲ. ದುರ್ಗಾ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಬಂದಿದ್ದಳಂತೆ. ಜಂಬಮ್ಮ ತನ್ನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ನಿಲ್ಲಿಸಿ ತೋರಿಸಿದಳು. ಅವನು ತನ್ನ ಬಾಯಿಗೆ ಇಟ್ಟುಕೊಂಡ. ಒಂದು ಹೋಯಿತು. ಎರಡನೆಯದು ಹಲ್ಲಿಗೆ ತಾಕಿ ನಿಂತಿತು.

"ನಡಿ" ಎಂದ. "ಆ ಡಾಕ್ಟರ್ ಹತ್ರನ ಹೋಗಾಣ. ನೀನೂ ಬರಬೇಕು. ಆಕಿ ಮುಖ ನೀನೂ ನೋಡಬೇಕು."

ಬಸ್ಸಿನಲ್ಲಿ ಅವನು ಮುಂದೆ ಕೂತ, ಜಂಬಮ್ಮ ಹೆಂಗಸರ ಸೀಟಿನಲ್ಲಿ ದುರ್ಗಾನ ಪಕ್ಕ. ಇಬ್ಬರ ನಡುವೆ ದುರ್ಗಾ ತನ್ನ ಚೀಲ ಇಟ್ಟಳು.

ಶೈಲಾ ಡಾಕ್ಟರ ಕೋಣೆಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಕುರ್ಚಿಗಳೆಲ್ಲ ಖಾಲಿ. ಗಾದಿಲಿಂಗನನ್ನು ಕೂಡಿಸಿ ಬ್ಯಾಟರಿ ಹಾಕಿದಳು. ಬೆರಳು ಹಾಕಿ ಎರಡೂ ಕೆನ್ನೆ ಒತ್ತಿದಳು.

"ಒಳಗಿನ ಚರ್ಮ ಬಿಗಿದೈತಿ. ಬಲಗಡೆ ಬಿಳಿ ಕಲೆ ಐತಿ. ಹುಣ್ಣು ಇಲ್ಲ, ಗಡ್ಡಿ ಇಲ್ಲ. ಇದು ಕ್ಯಾನ್ಸರ್ ಅಂತ ನಾನು ಹೇಳೋದಿಲ್ಲ, ಅಲ್ಲ ಅಂತಾನೂ ಹೇಳೋದಿಲ್ಲ. ಚೂರು ತೆಗೆದು ನೋಡಬೇಕು. ಇವತ್ತಿಂದ ಒಂದು ಎಳೆ ತಂಬಾಕೂ ಇಲ್ಲ, ಒಂದು ಹೋಳು ಅಡಿಕೇನೂ ಇಲ್ಲ. ಇದೇ ವಾರ ಹೋಗ್ರಿ."

"ಇವತ್ತ ಹೋಗ್ತೀವ್ರಿ" ಎಂದಳು ದುರ್ಗಾ. "ದಾವಣಗೆರೆ ಬಸ್ ಎಷ್ಟೊತ್ತಿಗೈತಿ?"

ಗಾದಿಲಿಂಗ ಸೊಂಟದಿಂದ ಸಂಚಿ ಬಿಚ್ಚಿ ಜಂಬಮ್ಮನ ತೊಡೆಯ ಮೇಲೆ ಹಾಕಿದ. ಅದು ಖಾಲಿಯಾಗಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು.

"ಡಾಕ್ಟರಮ್ಮ, ನಾನು ಓಬಳೇಶನ ಹೆಂಡ್ತಿ. ಹೋದ ವರ್ಷ ಚೀಟಿ ಬರೆದು ಕೊಟ್ಟಿದ್ರಿ. ನೀವು ಹಲ್ಲು ಕಿತ್ತಿದ್ದಕ್ಕ ಸತ್ತ ಅಂತ ಊರಾಗ ಹೇಳಿದೋಳು ನಾನು."

ಶೈಲಾ ಕೈಗವಸು ತೆಗೆಯುತ್ತಿದ್ದವಳು ನಿಲ್ಲಿಸಿದಳು. "ನೀವಾ? ನಿಮ್ಮ ಕಡೆಯೋರು ಬರೋದು ಯಾಕ ನಿಂತಿತು ಅಂತ ನನಗ ಗೊತ್ತಾಗಿರಲಿಲ್ಲ." ಕೈಗವಸು ಕಳಚಿ ಮೇಜಿನ ಮೇಲೆ ಹಾಕಿದಳು. "ನನ್ನದು ಬಿಡ್ರಿ. ಈ ವರ್ಷ ನನ್ನ ಹತ್ರ ಬರದೇ ಇದ್ದೋರ ಬಾಯಾಗ ಏನೇನೈತೋ, ಅದಕ್ಕ ಏನ್ಮಾಡ್ತೀರಿ?"

"ಊರಾಗ ಹೇಳ್ತೀನ್ರಿ. ಕಟ್ಟಿ ಮ್ಯಾಲೆ ಕುಂತು ಹೇಳಿದ್ದು, ಕಟ್ಟಿ ಮ್ಯಾಲೆ ಕುಂತೇ ಹೇಳ್ತೀನಿ" ಎಂದಳು ಜಂಬಮ್ಮ.

"ನೀವು ತಂಬಾಕು ಹಾಕ್ತೀರೇನು?" ಎಂದಳು ಶೈಲಾ.

ದುರ್ಗಾ ಪಕ್ಕದಲ್ಲಿ ನಿಂತಿದ್ದಳು. ಗಾದಿಲಿಂಗ ಇನ್ನೂ ಕುರ್ಚಿಯಲ್ಲೇ ಇದ್ದ.

"ಇಲ್ರಿ" ಎಂಬ ಮಾತು ಜಂಬಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಬೇಗ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಮದುವಿ ಆದಾಗಿಂದ" ಎಂದಳು. "ಸಂಚಿ ತುಂಬುವಾಗ."

ದುರ್ಗಾ ಬಾಯಿಗೆ ಸೆರಗು ಹಿಡಿದಳು. ಗಾದಿಲಿಂಗ ಕುರ್ಚಿಯಿಂದ ಇಳಿದು ಜಾಗ ಬಿಟ್ಟುಕೊಟ್ಟ. ಜಂಬಮ್ಮ ಕೂತು, ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು, ಎಷ್ಟು ಸಾಧ್ಯವೋ ಅಷ್ಟು ಬಾಯಿ ತೆರೆದಳು.